ರಾಶಿಯ ಮೇಲಿನ ಗೂಡು

ಏಳನೇ ಪ್ರಶ್ನೆಯ ಪಕ್ಕದಲ್ಲಿ ಹಿಮದ ಮೇಲೆ ಜಾರುವ ಹುಡುಗನ ಚಿತ್ರವಿತ್ತು. ಯಾರೋ ಪೆನ್ಸಿಲ್‌ನಲ್ಲಿ ಅವನಿಗೆ ದಪ್ಪ ಮೀಸೆ ಬರೆದು, ಹಣೆಗೆ ವಿಭೂತಿಯನ್ನೂ ಎಳೆದಿದ್ದರು.

ಅದು ಅಭ್ಯಾಸದ ಪುಸ್ತಿಕೆ. ದೇಶದೇಶಗಳ ಮಕ್ಕಳನ್ನು ಒಂದೇ ಪರೀಕ್ಷೆಗೆ ಕೂರಿಸಿ, ಯಾವ ದೇಶದ ಓದು ಎಷ್ಟನೆಯದು ಎಂದು ಪಟ್ಟಿ ಮಾಡುತ್ತಾರಲ್ಲ, ಅಂಥದೊಂದಕ್ಕೆ ಶಿಡ್ಲಘಟ್ಟದ ಕಡೆಯ ನಮ್ಮ ಪ್ರೌಢಶಾಲೆಯೂ ಆಯ್ಕೆಯಾಗಿತ್ತು. ನಾನು ಅಲ್ಲಿ ಗಣಿತದ ಅತಿಥಿ ಶಿಕ್ಷಕಿ. ಹತ್ತನೇ ತರಗತಿಯ ಎಲ್ಲರ ಹೆಸರು ಕಳಿಸಬೇಕು; ಅದರಲ್ಲಿ ಕೆಲವರನ್ನು ಪರೀಕ್ಷೆಯವರೇ ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಅಕ್ಷರ ಚೆನ್ನಾಗಿದೆ ಎಂದು ಹೆಸರು ಬರೆಯುವ ಕೆಲಸ ನನಗೆ ಬಂತು.

ಮುಖ್ಯೋಪಾಧ್ಯಾಯರು ತರಗತಿಯ ಪಟ್ಟಿಯಲ್ಲಿ ಏಳು ಹೆಸರಿಗೆ ಅಡ್ಡಗೆರೆ ಎಳೆದು ಕೊಟ್ಟರು. "ಇವರು ನಿಧಾನ. ಬಿಟ್ಟು ಬರಿ. ಪರೀಕ್ಷೆಯೋರು ಬಂದು ತಲೆ ಎಣಿಸಿದ್ರೆ ಕಷ್ಟ, ಆ ದಿನ ಮನೇಲೇ ಇರೋಕೆ ಹೇಳಿಬಿಡಮ್ಮ. ಹೆಣ್ಣು ನೋಡೋಕೆ ಬರ್ತಾರೆ ಅಂದ್ರೆ ಮನೆ ಗುಡಿಸಲ್ವಾ?"

"ಗುಡಿಸ್ತೀವಿ ಸಾರ್," ಎಂದೆ. ಹೆಣ್ಣು ನೋಡುವ ಮಾತು ಇನ್ನೊಂದು ವಾಕ್ಯ ಮುಂದುವರಿದರೆ ನನ್ನ ಕಡೆಗೇ ತಿರುಗುತ್ತದೆಂದು ಅಷ್ಟಕ್ಕೇ ನಿಲ್ಲಿಸಿದೆ.

ಆ ಏಳರಲ್ಲಿ ಮೊದಲನೆಯವಳು ರೇಷ್ಮೆ ಹುಳ ಸಾಕುವ ಮನೆಯ ಹುಡುಗಿ. ಓದುವುದು ನಿಧಾನವೇ. ಸಂಜೆ ಅವಳಿಗೆ ವಿಷಯ ಹೇಳಿದೆ.

"ಮನೇಲಿ ಹೇಳ್ಬೇಡಿ ಮಿಸ್," ಅಂದಳು. "ಸ್ಕೂಲ್‌ನೋರೇ ಬೇಡ ಅಂದ್ರು ಅಂತ ಗೊತ್ತಾದ್ರೆ, ಹುಳಕ್ಕೆ ಸೊಪ್ಪು ಕೊಯ್ಯೋಕೆ ಇರು ಅಂತ ಓದೇ ಬಿಡಿಸ್ತಾರೆ. ಅಮ್ಮನ್ನ ಒಪ್ಪಿಸಿರೋದೇ ಕಷ್ಟದಲ್ಲಿ."

ನಾನು ಪಟ್ಟಿ ಮಡಚಿದೆ. ಮಾತು ಅಷ್ಟಕ್ಕೇ ನಿಲ್ಲಿಸಿ ಅವಳಿಗೆ ಅಭ್ಯಾಸವಿಲ್ಲ.

"ನಮ್ಮಪ್ಪಾನೂ ಮಾರ್ಕೆಟ್‌ನಲ್ಲಿ ಒಳ್ಳೆ ಗೂಡೆಲ್ಲ ಮೇಲೇ ಹರಡ್ತಾರೆ ಮಿಸ್. ಕೊಳ್ಳೋಕೆ ಬರೋ ನೂಲು ತೆಗೆಯೋರು ಮೇಲೆ ನೋಡೋದೇ ಇಲ್ಲ, ತಳಕ್ಕೆ ಕೈ ಹಾಕ್ತಾರೆ. ಈ ಪರೀಕ್ಷೆಯೋರಿಗೆ ಅಷ್ಟೂ ತಿಳಿಯಲ್ವಾ?"

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಒಟ್ಟನ್ನು ತಿಳಿಯಲು ಮಾದರಿ ಆರಿಸುವುದರ ಬಗ್ಗೆ ಎರಡು ವರ್ಷ ಕಲಿತದ್ದೂ ಇದನ್ನೇ. ಅಲ್ಲಿ ಪುಟಗಳು ಹೆಚ್ಚಿದ್ದವು. ಬಸ್ಸಿನಲ್ಲಿ ಚಿಂತಾಮಣಿಗೆ ಹಿಂದಿರುಗುವಾಗ ಯೋಚಿಸಿದೆ. ಮೇಲಿನ ಸ್ಥಾನದ ದೇಶಗಳಲ್ಲೂ ಹೀಗೇ ಗುಡಿಸುತ್ತಾರೋ ಏನೋ, ಗೊತ್ತಿಲ್ಲ. ನಮಗೆ ಸ್ಥಾನ ಸಿಕ್ಕಿದರೆ ಅದಂತೂ ಕಲಿಸಿದ್ದಕ್ಕಲ್ಲ, ಬಚ್ಚಿಟ್ಟದ್ದಕ್ಕೆ.

ಮರುದಿನ ಬೆಳಿಗ್ಗೆ ಎಂದಿಗಿಂತ ಒಂದು ಬಸ್ಸು ಮೊದಲೇ ಶಾಲೆಗೆ ಬಂದು, ಹಾಜರಿ ಪುಸ್ತಕ ನೋಡಿಕೊಂಡು ತರಗತಿಯ ಅಷ್ಟೂ ಹೆಸರು ಬರೆದೆ. ಮುಖ್ಯೋಪಾಧ್ಯಾಯರು ಬಂದು ಕೂತ ಕೂಡಲೇ ಹಾಳೆ ಮುಂದಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟೆ. ಅವರು ಏಳೂ ಹೆಸರನ್ನು ಹುಡುಕಿ ಓದಿ, ನನ್ನ ಮುಖ ನೋಡಿ, ಸಹಿ ಹಾಕುವವರೆಗೂ ಮೇಜಿನ ಪಕ್ಕ ನಿಂತೇ ಇದ್ದೆ.