ಗ್ರ್ಯಾನಿಯ ಬಾಗಿಲಲ್ಲಿ ಕುಚ್ಚಲಕ್ಕಿ

ಗ್ರ್ಯಾನಿಯ ಮೊಣಕಾಲುಗಳು ಊದಿಕೊಂಡು ಸುಲಿದ ತೆಂಗಿನಕಾಯಿಯಷ್ಟಾಗಿದ್ದವು. ಕೂತರೆ ಏಳುವುದಕ್ಕೆ ಬಾಗಿಲ ಚೌಕಟ್ಟು ಹಿಡಿಯಬೇಕಿತ್ತು. ಗಲ್ಫಿನಲ್ಲಿ, ಉಮ್ ಅಲ್ ಹಸ್ಸಮ್‌ನ ಹಳೇ ಬಿಲ್ಡಿಂಗಿನಲ್ಲಿ ನಮ್ಮ ಎದುರು ಫ್ಲ್ಯಾಟು ಅವರದು. ಊರು ಟ್ರಿನಿಡಾಡ್, ಮಗ ಜುಫೈರ್‌ನ ಹೋಟೆಲೊಂದರಲ್ಲಿ ಅಡುಗೆಯವ. ನನ್ನ ಮಗಳು ಅವರನ್ನು ಗ್ರ್ಯಾನಿ ಅನ್ನುತ್ತಿದ್ದಳು.

ನಾನು ನರ್ಸು, ಗಂಡನಿಗೆ ಅಸ್ಕರ್‌ನ ಕಾರ್ಖಾನೆಯಲ್ಲಿ ಶಿಫ್ಟು. ನಾನು ಬರುವ ತನಕ ಆರು ವರ್ಷದ ಮಗಳು ಗ್ರ್ಯಾನಿಯ ಮನೆಯಲ್ಲೇ. ಹಾಡಿನಂಥ ಇಂಗ್ಲಿಷಿನಲ್ಲಿ ಅವರು ಕತೆ ಹೇಳುತ್ತಿದ್ದರು.

"ನಮ್ಮೂರಲ್ಲಿ ಸುಕುಯಾ ಅಂತ ಒಬ್ಬಳು ಮುದುಕಿ. ಹಗಲು ನನ್ನ ಹಾಗೇ ಇರ್ತಾಳೆ. ರಾತ್ರಿ ಚರ್ಮ ಕಳಚಿಟ್ಟು, ಬೆಂಕಿಯುಂಡೆಯಾಗಿ ಹಾರಿ ರಕ್ತ ಹೀರ್ತಾಳೆ. ಬಾಗಿಲಲ್ಲಿ ಅಕ್ಕಿ ಚೆಲ್ಲಿದರೆ ಒಂದೊಂದೇ ಕಾಳು ಎಣಿಸ್ತಾ ಕೂತು ಬೆಳಗಾಗಿಬಿಡ್ತದೆ, ಸಿಕ್ಕಿಬೀಳ್ತಾಳೆ!"

ಮಗಳು ಕಿರುಚಿಕೊಂಡು ಅವರ ಮಡಿಲಿಗೇ ನುಗ್ಗುತ್ತಿದ್ದಳು, ನಾನು ಅಲ್ಲೇ ನಿಂತಿದ್ದರೂ.

ಹೊಟ್ಟೆ ಉರಿಯುತ್ತಿತ್ತು ಮಾರಾಯ್ರೆ, ಸುಳ್ಳು ಯಾಕೆ ಹೇಳಲಿ? ಹೊತ್ತು ಹೆತ್ತದ್ದು ನಾನು. ಜ್ವರ ಬಂದಾಗ ನನ್ನ ಕೈಯ ಗಂಜಿ ತಳ್ಳಿ "ಗ್ರ್ಯಾನಿ ಬೇಕು" ಅಂತ ಅತ್ತಳು. ಅದೇ ಗಂಜಿಯನ್ನು ಅದೇ ಚಮಚದಲ್ಲಿ ಅವರು ಕೊಟ್ಟರೆ ಗಟಗಟ ಕುಡಿದಳು. ರಕ್ತ ಹೀರುವವಳು ಇವಳೇ, ನನ್ನ ಮಗುವನ್ನೇ ಹೀರಿಕೊಂಡಳು ಅನ್ನಿಸಿತು.

ಜ್ವರ ಬಿಟ್ಟ ಮರುದಿನ ಬೆಳಿಗ್ಗೆ ಮಗಳನ್ನು ಅವರಲ್ಲಿ ಬಿಟ್ಟೆ. ಬಾಗಿಲು ಮುಚ್ಚಿದ್ದೇ ತಡ, ನಮ್ಮ ಡಬ್ಬದಿಂದ ಒಂದು ಹಿಡಿ ಅಕ್ಕಿ ತಂದು ಅವರ ಹೊಸ್ತಿಲಿಗೆ ಚೆಲ್ಲಿ ಡ್ಯೂಟಿಗೆ ಹೋದೆ. ಇಡೀ ದಿನ ಒಳಗೊಳಗೇ ಖುಷಿಪಟ್ಟೆ.

ಸಂಜೆ ಬಂದರೆ ಗ್ರ್ಯಾನಿ ಹೊಸ್ತಿಲಲ್ಲಿ ಆ ಕಾಲುಗಳನ್ನು ಚಾಚಿ ಕೂತು, ಕಾಳು ಹೆಕ್ಕಿ ಬಟ್ಟಲಿಗೆ ಹಾಕುತ್ತಿದ್ದರು.

"ಮಮ್ಮಿ, ಗ್ರ್ಯಾನಿ ಅಕ್ಕಿ ಚೆಲ್ಲಿಬಿಟ್ರು!" ಅಂದಳು ಮಗಳು.

"ಹೌದು, ಕೈ ಜಾರಿತು," ಎಂದ ಗ್ರ್ಯಾನಿ, ಅವಳನ್ನು ಒಳಗೆ ಕಳಿಸಿ ಬಟ್ಟಲನ್ನು ನನ್ನ ಕೈಗಿಟ್ಟರು. ದಪ್ಪ ಕೆಂಪು ಕುಚ್ಚಲಕ್ಕಿ. ಆ ಬಿಲ್ಡಿಂಗಿನಲ್ಲಿ ಅದನ್ನು ಉಣ್ಣುತ್ತಿದ್ದದ್ದು ನಮ್ಮ ಮನೆ ಒಂದೇ. ಅಯ್ಯೋ ದೇವರೇ, ಅದು ನನಗೆ ಹೊಳೆದೇ ಇರಲಿಲ್ಲ!

"ನನ್ನಮ್ಮ ವಿಧವೆ. ಅವಳ ಬಾಗಿಲಿಗೂ ಊರವರು ಹೀಗೇ ಚೆಲ್ಲಿದ್ದರು," ಎಂದರು. ಸಿಟ್ಟಿರಲಿಲ್ಲ. "ನಿನ್ನದು ಒಂದು ಕಾಳೂ ನಾನಿಟ್ಟುಕೊಂಡಿಲ್ಲ, ನೋಡ್ಕೋ."

ಮನೆಗೆ ಬಂದು ಆ ಅಕ್ಕಿಯನ್ನು ನಮ್ಮ ಡಬ್ಬಕ್ಕೇ ಸುರಿದೆ. ಮರುದಿನ ಅವರು ಎಂದಿನಂತೆ ಬಾಗಿಲು ತೆರೆದು ಮಗಳನ್ನು ಕರೆದುಕೊಂಡರು.

ಅವರು ಊರಿಗೆ ಮರಳಿ ಕೆಲವು ವರ್ಷಗಳ ಮೇಲೆ, ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಅಷ್ಟರಲ್ಲಿ ಹೈಸ್ಕೂಲು ಸೇರಿದ್ದ ಮಗಳು ಓಡಿ ಬಂದು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ನಾನು ಅಷ್ಟು ಆಸೆಪಟ್ಟದ್ದು ಅಂದು ಸಿಕ್ಕಿತು. ಅಕ್ಕಿ ಚೆಲ್ಲಿದ್ದು ನಾನೇ ಎಂದು ಹೇಳಲು ಬಾಯಿ ತೆರೆದೆ. ಅವಳು ಎದ್ದು ಹೋದಾಳು ಎಂದು ಹೆದರಿ ಮುಚ್ಚಿಕೊಂಡೆ.