ಬಣ್ಣ ಒಡೆಯದೆ ಎದ್ದ ಕೈ

ಭೂತ, ಪ್ರೇತ, ಗಾಳಿ, ಸೋಂಕು ಇವುಗಳಲ್ಲಿ ನನಗೆ ನಂಬಿಕೆಯಿರಲಿಲ್ಲ. ಈಗಲೂ ಇಲ್ಲ. ಇಂಥ ಅನುಭವ ಬರೆಯುವವರು "ಅಂದಿನಿಂದ ನನ್ನ ಕಣ್ಣು ತೆರೆಯಿತು" ಎಂದು ಕೊನೆಗೆ ಕೈಮುಗಿಯುವುದು ವಾಡಿಕೆ. ನನ್ನ ಕಣ್ಣು ಮೊದಲಿನಿಂದಲೂ ತೆರೆದೇ ಇತ್ತು, ತೊಂದರೆಯಾದದ್ದೇ ಅದರಿಂದ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಗಬೇಕೆನಿಸಿದವರು ಧಾರಾಳವಾಗಿ ನಗಿ. ಆದರೆ "ವಯಸ್ಸಾಯಿತಲ್ಲ, ಏನೋ ಕಂಡಿರಬೇಕು" ಎಂದು ಮಾತ್ರ ಅನ್ನಬೇಡಿ. ಆ ಮಾತಿನ ವಿರುದ್ಧವೇ ನಾನು ಆ ದಿನ ಸ್ಟೇರಿಂಗ್ ಹಿಡಿದದ್ದು.

ಹೊಸೂರಿನ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನಾನು ಮೂವತ್ತೊಂದು ವರ್ಷ ಸವೆಸಿದ್ದೇನೆ. ಬೇರೆಯವರು ಕಡೆದು ಕೊಟ್ಟ ಬಿಡಿಭಾಗವನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಚೀಟಿ ಕಟ್ಟಿ ವಾಪಸ್ ಕಳಿಸುವುದು ನನ್ನ ಕೆಲಸ. "ತಾನಾಗೇ ಆಗೋಯ್ತು ಸಾರ್" ಎಂದವರಿಗೆ ನನ್ನ ಉತ್ತರ ಒಂದೇ ಇತ್ತು: ತಾನಾಗಿ ಆಗುವುದು ತುಕ್ಕು ಒಂದೇ.

ಮೂರು ವರ್ಷದ ಹಿಂದೆ ನನ್ನ ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿಯಲು ಬಂತು. ಆಗ ನನಗೆ ಅರವತ್ತೇಳು, ಜೊತೆಗೆ ಸಕ್ಕರೆ ಕಾಯಿಲೆ. ಅದೇ ತಿಂಗಳು ನಮ್ಮ ಗೇಟಿನ ಕಂಬ ಎರಡು ಸಲ ಮಗನ ಕಾರಿನ ಬಾಗಿಲನ್ನು ಸವರಿತ್ತು. ಕಂಬ ಇದ್ದಲ್ಲೇ ಇತ್ತು ಎಂಬ ಒಂದೇ ಆಧಾರದ ಮೇಲೆ ಮನೆಯ ನ್ಯಾಯಪೀಠ ತಪ್ಪನ್ನು ನನ್ನ ತಲೆಗೆ ಕಟ್ಟಿತು. ಲೈಸೆನ್ಸ್ ಇನ್ನು ಸಾಕು ಎಂದು ಮಗ ವಾದಿಸಿದ. ಕೊನೆಯ ತೀರ್ಪು ನನ್ನ ಹೆಂಡತಿ ಜಯಮ್ಮನದು.

"ಒಂದು ದಿನ ಪೂರ್ತಿ ನನ್ನನ್ನ ಪಕ್ಕದಾಗೆ ಕೂಡ್ಸ್ಕೊಂಡು ಓಡ್ಸಿ. ಒಂದು ತಪ್ಪೂ ಮಾಡ್ದಿದ್ರೆ ನಾನೇ ಆರ್‌ಟಿಓ ಆಪೀಸಿಗೆ ಬತ್ತೀನಿ. ಒಂದೇ ಒಂದು ತಪ್ಪು ಕಂಡ್ರೂ ಲೈಸೆನ್ಸು ಬೀರುಗೆ. ಆಮೇಲೆ ಕೇಳ್ಬಾರ್ದು."

ಲೈಸೆನ್ಸ್ ಬೀರುವಿಗೆ ಹೋಯಿತೆಂದರೆ ನಾನೂ ಹೋದ ಹಾಗೆಯೇ. ಸ್ಟೇರಿಂಗ್ ಹಿಡಿದವನನ್ನು "ಎಲ್ಲಿಗೆ?" ಎಂದು ಯಾರೂ ಕೇಳುವುದಿಲ್ಲ. ಪಕ್ಕದ ಸೀಟಿನವನು ಎಲ್ಲಿಗೆ, ಯಾಕೆ, ಎಷ್ಟು ಹೊತ್ತು ಎಂದು ಮೂರು ಪ್ರಶ್ನೆಗೆ ಉತ್ತರ ಕೊಟ್ಟು ಹತ್ತಬೇಕು. ಒಪ್ಪಿಕೊಂಡೆ.

ಪರೀಕ್ಷೆಗೆ ಕಾರು ಒದಗಿಸಿದವನು ಗೋಪಾಲಪ್ಪ, ನನ್ನ ಶಾಲೆಯ ಗೆಳೆಯ. ಬಾಗಲೂರಿನ ಹತ್ತಿರ ಗುಲಾಬಿ ಬೆಳೆಯುತ್ತಾನೆ. ಹೂವು ಮಾರಿ ಬಂದದ್ದರಲ್ಲಿ ಹಳೇ ಇಂಗ್ಲಿಷ್ ಕಾರು ಕೊಳ್ಳುತ್ತಾನೆ. ಒಂದು ಆಸ್ಟಿನ್, ಒಂದು ಹೆರಾಲ್ಡ್, ಆ ವರ್ಷ ಹೊಸದಾಗಿ ಬಂದ ಒಂದು ಕಪ್ಪು ಮೋರಿಸ್ ಮೈನರ್. ಫೆಬ್ರವರಿ ಹದಿನಾಲ್ಕರ ಹೂವೆಲ್ಲ ವಿಮಾನ ಹತ್ತಿದ ಮೇಲೆ ಒಂದು ದಿನ ಅವನ್ನು ಹೊರಗೆ ತೆಗೆದು, ಊರೂರಿಗೆ ಕಾರು ಬದಲಿಸಿಕೊಂಡು ಓಡಿಸುವುದು ಅವನ ಪದ್ಧತಿ. ಮೂರನೇ ಸ್ಟೇರಿಂಗಿಗೆ ಅವನ ಮೆಕ್ಯಾನಿಕ್ ಸೆಲ್ವಂ, ಐವತ್ತು ದಾಟಿದ ಶಾಂತ ಮನುಷ್ಯ.

ಕೆಲಮಂಗಲದವರೆಗೆ ಆಸ್ಟಿನ್ ಓಡಿಸಿದೆ, ಅಲ್ಲಿ ಮೋರಿಸ್ ನನ್ನ ಪಾಲಿಗೆ ಬಂತು. ಆ ಸುಖವನ್ನು ಹೇಗೆ ಹೇಳಲಿ? ಈಗಿನ ಕಾರುಗಳು ನಮ್ಮನ್ನು ಕೂರಿಸಿಕೊಂಡು ಹೋಗುತ್ತವೆ. ಇದು ಹಾಗಲ್ಲ, ನಾವು ಹೇಳಿದರೆ ಕೇಳುತ್ತದೆ, ಸರಿಯಾಗಿ ಹೇಳಿದರೆ ಮಾತ್ರ. ಕಡ್ಡಿಯಷ್ಟು ತೆಳುವಾದ ಸ್ಟೇರಿಂಗ್ ಚಕ್ರ, ಎಳೆದು ಬಿಡಬೇಕಾದ ಚೋಕ್, ಬೆಳಗಿನ ಹೊತ್ತು ಮುನಿಸಿಕೊಂಡು ಆಮೇಲೆ ಹದಕ್ಕೆ ಬರುವ ಗೇರು. ಬ್ರೇಕಿಗೆ ಒಂದು ಫರ್ಲಾಂಗ್ ಮುಂಚೆ ಅರ್ಜಿ ಹಾಕಬೇಕು. ಚರ್ಮ, ಪೆಟ್ರೋಲು, ಬಿಸಿ ಎಣ್ಣೆ ಬೆರೆತ ವಾಸನೆ. ಕಾಲು ಎತ್ತಿದಾಗ ಸೈಲೆನ್ಸರ್ ಗುಳುಗುಳು ಎಂದು ತನಗೆ ತಾನೇ ನಗುವ ಸದ್ದು. ಟೊಮೇಟೊ ತೋಟಗಳ ನಡುವೆ ಗಂಟೆಗೆ ನಲವತ್ತು ಮೈಲಿಯಲ್ಲಿ ಹೋಗುತ್ತಿದ್ದರೆ ನನಗೆ ಇಪ್ಪತ್ತೆಂಟು ವರ್ಷ, ಸಕ್ಕರೆ ಇಲ್ಲ, ಗೇಟಿಗೆ ಕಂಬವೂ ಇಲ್ಲ.

ಜಯಮ್ಮ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ನ್ಯಾಯಾಧೀಶರ ಗಾಂಭೀರ್ಯದಿಂದ ಕೂತಿದ್ದಳು. ಅಲ್ಲಿಯವರೆಗೆ ಒಂದು ತಪ್ಪೂ ಸಿಕ್ಕಿರಲಿಲ್ಲ. ಅದರ ಬೇಸರ ಅವಳ ಮುಖದಲ್ಲಿ ಕಾಣುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಕಾಲದ ಮೋರಿಸ್‌ನಲ್ಲಿ ತಿರುಗುವಾಗ ಮಿಣುಕುವ ದೀಪ ಇರಲಿಲ್ಲ. ಮುಂದಿನ ಬಾಗಿಲಿನ ಹಿಂದುಗಡೆಯ ಕಂಬದಲ್ಲಿ, ಚಾಲಕನ ಭುಜದ ಪಕ್ಕಕ್ಕೆ, ಗೇಣುದ್ದದ ಒಂದು ಪುಟ್ಟ ಕೈ ಮಡಿಸಿಟ್ಟಿರುತ್ತದೆ. ಸ್ವಿಚ್ ತಿರುಗಿಸಿದರೆ ಅದು ಹೊರಕ್ಕೆ ಎದ್ದು ಅಡ್ಡ ನಿಲ್ಲುತ್ತದೆ. ಬಲಕ್ಕೊಂದು, ಎಡಕ್ಕೊಂದು.

ರಾಯಕೋಟೆಗೆ ಇನ್ನು ನಾಲ್ಕೈದು ಕಿಲೋಮೀಟರ್ ಇತ್ತು. ಬೆಳಗಿನ ಹತ್ತು ಗಂಟೆ, ನಿರ್ಮಲ ಬಿಸಿಲು. ಸೂರ್ಯ ಎಡಕ್ಕಿದ್ದುದರಿಂದ ಕಾರಿನ ನೆರಳು ಬಲಗಡೆ ರಸ್ತೆಯ ಮೇಲೆ ನಮ್ಮ ಜೊತೆಗೇ ಓಡಿ ಬರುತ್ತಿತ್ತು. ಮುಂದೆ ಬಲಕ್ಕೆ ಒಂದು ಮಣ್ಣು ರಸ್ತೆ, ಅದರ ಬಾಯಲ್ಲಿ ಹುಣಸೇಮರ, ಮರದಡಿ ಮುನೇಶ್ವರನ ಕಲ್ಲು. ಅದನ್ನು ಸಮೀಪಿಸುತ್ತಿದ್ದಂತೆ ನೆರಳಿನ ಮೈಯಿಂದ ಒಂದು ಕೈ ಹೊರಬಂತು.

ತಿರುಗಿ ನೋಡಿದೆ. ನನ್ನ ಭುಜದ ಪಕ್ಕ, ಕಾರಿನ ಬಲಗೈ ಎದ್ದು ನಿಂತಿತ್ತು. ನಾನು ಸ್ವಿಚ್ ಮುಟ್ಟಿರಲಿಲ್ಲ. ನೇರ ಹೋಗಬೇಕಾಗಿತ್ತು, ನೇರ ಹೋದೆ. ಹುಣಸೇಮರ ಹಿಂದೆ ಬಿದ್ದ ಮೇಲೆ ಮತ್ತೆ ನೋಡಿದರೆ ಕೈ ಒಳಗೆ ಮಡಿಸಿಕೊಂಡು ಏನೂ ಆಗದಂತೆ ಕೂತಿತ್ತು.

ರಾಯಕೋಟೆಯಲ್ಲಿ, ಬೆಟ್ಟದ ಬುಡದ ಟೀ ಅಂಗಡಿಯ ಮುಂದೆ ಮೂರೂ ಕಾರು ನಿಂತವು. ನನ್ನ ಹಿಂದೆ ಬರುತ್ತಿದ್ದ ಗೋಪಾಲಪ್ಪ ಬಾಗಿಲು ತೆರೆಯುವ ಮೊದಲೇ ಬಾಯಿ ತೆರೆದ.

"ಏನ್ಲಾ ನೀನು? ಬಲಕ್ಕೆ ಕೈ ತೋರ್ಸಿ ನೆಟ್ಟಗೆ ಹೋಗ್ಬುಟ್ಟೆ! ತಿರುಗ್ತೀಯ ಅಂತ ನಾನು ಬ್ರೇಕ್ ತುಳ್ದು ಸಾಯೋ ಹಂಗಾಯ್ತು."

ಜಯಮ್ಮ ಕೈಚೀಲದ ಜಿಪ್ ಎಳೆದಳು. "ಆಯ್ತು. ತಪ್ಪು ಒಂದು."

"ನಾನು ಸ್ವಿಚ್ ಹಾಕ್ಲಿಲ್ಲ," ಎಂದೆ.

"ಮತ್ಯಾರು ಹಾಕಿದ್ದು, ನಾನಾ?"

ಅಷ್ಟರಲ್ಲಿ ಸೆಲ್ವಂ ನಗುತ್ತಾ ಬಂದ. "ಸಾರ್, ಅದು ವೇಲೈ ಸೆಯ್ಯಾದು. ಕೆಲ್ಸಾನೇ ಮಾಡಲ್ಲ ಅದು. ವಯರ್ ಇಲ್ಲ. ಒಳಗಿನ ಕಾಯಿಲ್ ನಾನೇ ಕಳಚಿ ಮಡಗಿದೀನಿ. ಮೇಲೆ ಮೂರು ಕೋಟು ಬಣ್ಣ ಬೇರೆ ಹೊಡ್ದಿದೀವಿ."

ನಾನು ಕನ್ನಡಕ ಒರೆಸಿ ಹಾಕಿಕೊಂಡು, ಬಗ್ಗಿ, ಮೂವತ್ತೊಂದು ವರ್ಷದ ಅಭ್ಯಾಸದಂತೆ ಉಗುರಿನ ತುದಿಯಿಂದ ಆ ಕೈಯ ಅಂಚನ್ನು ಸವರಿದೆ. ಕೈಗೂ ಕಂಬಕ್ಕೂ ನಡುವಿನ ಸಂದನ್ನು ಬಣ್ಣ ಪೂರ್ತಿ ಮುಚ್ಚಿತ್ತು. ಎಲ್ಲೂ ಬಿರುಕಿಲ್ಲ. ಉಗುರಿಗೆ ಒಂದು ಎಳೆಯೂ ಸಿಗಲಿಲ್ಲ. ಬಣ್ಣ ಒಡೆಯದೆ ಅದು ಏಳುವ ಹಾಗಿಲ್ಲ. ಅದು ಎದ್ದಿತ್ತು, ನಾನು ನೋಡಿದ್ದೆ, ಗೋಪಾಲಪ್ಪನೂ ನೋಡಿದ್ದ.

ಗೋಪಾಲಪ್ಪ ಟೀ ಲೋಟ ಕೆಳಗಿಟ್ಟ. ನಮ್ಮ ಕಡೆ ಹೊಸದಾಗಿ ಗಾಡಿ ಕೊಂಡವರು ಮೊದಲು ಮುನೇಶ್ವರನ ಮುಂದೆ ನಿಲ್ಲಿಸಿ, ಚಕ್ರದಡಿ ನಿಂಬೆಹಣ್ಣು ಜಜ್ಜಿಸಿ, ಆಮೇಲೆ ರಸ್ತೆಗೆ ಬಿಡುತ್ತಾರೆ. ಅವನ ಉಳಿದೆರಡು ಕಾರಿಗೂ ಅದೇ ಹುಣಸೇಮರದಡಿ ಪೂಜೆಯಾಗಿತ್ತು. ಮೋರಿಸ್ ಬಂದದ್ದು ಹೂವಿನ ಗಡಿಬಿಡಿಯ ವಾರದಲ್ಲಿ; ಅದಕ್ಕೆ ಆಗಿರಲಿಲ್ಲ.

"ಗಾಡೀನೇ ಕೇಳ್ತಾ ಐತೆ ಕಣ್ಲಾ," ಎಂದ, ಧ್ವನಿ ತಗ್ಗಿಸಿ. "ವಾಪಸ್ ಹೋಗಿ ಬಲಕ್ಕೆ ತಿರುಗ್ಸೋಣ."

ಜಯಮ್ಮನೂ ಕೂಡಲೇ ತೀರ್ಪು ತಿದ್ದಿದಳು. "ಅದೇ ತಾನಾಗೇ ಎದ್ದೈತೆ ಅಂತ ಒಪ್ಕಳಿ, ತಪ್ಪು ತೆಗ್ದಾಕ್ತೀನಿ. ಇಲ್ಲಾ ನಾನೇ ಹಾಕ್ದೆ, ಮರ್ತೋಯ್ತು ಅನ್ನಿ, ಲೈಸೆನ್ಸು ಕೊಡಿ."

ಓದುಗರು ನನ್ನ ಸ್ಥಿತಿಯನ್ನು ಗಮನಿಸಬೇಕು. ಒಂದು ದಾರಿಯಲ್ಲಿ ಲೈಸೆನ್ಸ್ ಉಳಿಯುತ್ತದೆ, ನಾನು ಆ ಮೂವತ್ತೊಂದು ವರ್ಷ ಕಟ್ಟಿದ ಕೆಂಪು ಚೀಟಿಗಳೆಲ್ಲ ಸುಳ್ಳಾಗುತ್ತವೆ. ಇನ್ನೊಂದರಲ್ಲಿ ಮಾಡದ ತಪ್ಪನ್ನು ಒಪ್ಪಿಕೊಂಡು ಪಕ್ಕದ ಸೀಟಿಗೆ ಸರಿಯಬೇಕು. ಎರಡನ್ನೂ ಒಪ್ಪಲಿಲ್ಲ.

"ಒಂದೇ ಸಲ ತೆಗೆದ ಅಳತೆ ಅಳತೆಯಲ್ಲ," ಎಂದೆ. "ಮೂರು ಸಲ ತೆಗೀತೀನಿ. ಅದೇ ರಸ್ತೆ, ಅದೇ ಗೇರು, ಅದೇ ವೇಗ."

"ಮುನೇಶ್ವರನಿಗೇ ಅಳತೆ ಇಡ್ತೀಯೇನ್ಲಾ?"

"ಅವನಿದ್ರೆ ಇಡ್ತೀನಿ."

ಗೋಪಾಲಪ್ಪ ಕಿವಿ ಮುಚ್ಚಿಕೊಂಡರೂ ಬಂದ. ಅವನನ್ನೂ ಸೆಲ್ವಂನನ್ನೂ ಹುಣಸೇಮರದ ಕೆಳಗೆ ಸಾಕ್ಷಿಗಳಾಗಿ ನಿಲ್ಲಿಸಿ, ನಾನು ಜಯಮ್ಮನೊಡನೆ ಎರಡು ಕಿಲೋಮೀಟರ್ ಹಿಂದಕ್ಕೆ ಹೋಗಿ, ತಿರುಗಿಸಿಕೊಂಡು ಬಂದೆ. ಮೊದಲ ಸಲ ಏನೂ ಆಗಲಿಲ್ಲ. ಕೈ ಇದ್ದಲ್ಲೇ ಇತ್ತು. ಎರಡನೆಯ ಸಲವೂ ಇಲ್ಲ. ಗೋಪಾಲಪ್ಪ ಕಲ್ಲಿಗೆ ಕೈ ಮುಗಿದುಕೊಂಡೇ ನಿಂತಿದ್ದ, ನನ್ನ ಪರವಾಗಿಯೋ ವಿರುದ್ಧವಾಗಿಯೋ ತಿಳಿಯದು.

ಮೂರನೆಯ ಸಲ ಕಿಟಕಿಯಿಂದ ಬಲಗೈ ಹೊರಗೆ ಚಾಚಿ, ಹಿಂದಕ್ಕೆ ಮಡಿಸಿ, ಅಂಗೈಯನ್ನು ಕಾರಿನ ಆ ಪುಟ್ಟ ಕೈಯ ಮೇಲೆ ಸುಮ್ಮನೆ ಇಟ್ಟುಕೊಂಡೆ. ಅಲುಗಿದರೆ ತಿಳಿಯಲಿ ಎಂದು, ಅಷ್ಟೇ. ತಗಡು ಬಿಸಿಲಿಗೆ ಕಾದಿತ್ತು. ಹುಣಸೇಮರ ನೂರು ಗಜ ಇದ್ದಾಗ ಅಂಗೈಯ ಅಡಿಯಲ್ಲಿ ಒತ್ತಡ ಬಂತು.

ನಡುಕವಲ್ಲ, ಕುಲುಕಾಟವಲ್ಲ. ಅವನ್ನು ನಾನು ಬಲ್ಲೆ. ಇದು ಒಂದೇ ಸಮನೆ, ಆತುರವಿಲ್ಲದೆ, ಒಳಗಿನಿಂದ ಹೊರಕ್ಕೆ. ಗುಂಪಿನಲ್ಲಿ ಯಾರೋ ದಾರಿ ಬಿಡಿ ಎಂದು ಬೆನ್ನಿಗೆ ಮೊಣಕೈ ಇಟ್ಟಂತೆ.

ಆಗ ನಾನು ಮಾಡಬೇಕಾದದ್ದು ಸ್ಪಷ್ಟವಿತ್ತು. ಅಂಗೈ ತೆಗೆಯಬೇಕು. ಎದುರಿಗೆ ಇಬ್ಬರು ಸಾಕ್ಷಿ, ಪಕ್ಕದಲ್ಲಿ ನ್ಯಾಯಾಧೀಶೆ. ಕೈ ಎದ್ದಿದ್ದರೆ ನಾನು ಸ್ವಿಚ್ ಹಾಕಲಿಲ್ಲವೆಂಬುದು ಎಲ್ಲರ ಕಣ್ಣೆದುರು ಸಾಬೀತಾಗುತ್ತಿತ್ತು. ನಾನು ತೆಗೆಯಲಿಲ್ಲ. ಒತ್ತಿ ಹಿಡಿದೆ. ಅದು ಒತ್ತಿದಷ್ಟೂ ನಾನೂ ಒತ್ತಿದೆ. ಯಾಕೆ ಎಂದು ಕೇಳಿದರೆ, ನನಗೆ ದಾರಿ ತೋರಿಸಲು ಬಂದವರಿಗೆಲ್ಲ ಆ ತಿಂಗಳು ನಾನು ಮಾಡುತ್ತಿದ್ದದ್ದೇ ಅದು. ಹುಣಸೇಮರ ಬಂತು, ಹೋಯಿತು. ಒತ್ತಡ ನಿಂತಿತು. ನೇರ ಹೋದೆ.

"ಒಂದೇ ಕೈಯಾಗೆ ಓಡ್ಸಿದ್ರಿ," ಎಂದಳು ಜಯಮ್ಮ. "ಎಲ್ಲಾ ಕಡೆ ಹೊಂಡ, ಒಂದೇ ಕೈ. ಇದಂತೂ ತಪ್ಪು ತಾನೇ?"

ಕಾರು ನಿಲ್ಲಿಸಿದೆ. ಅಂಗೈಯಲ್ಲಿ ಉದ್ದಕ್ಕೆ ಒಂದು ಗೆರೆ ಮೂಡಿತ್ತು. ನಾನೇ ಒತ್ತಿದ್ದಕ್ಕೂ ಮೂಡಬಹುದು, ಅದನ್ನು ಸಾಕ್ಷಿಯೆನ್ನಲಾರೆ. ಬಣ್ಣವನ್ನು ಉಗುರಿನಿಂದ ಮತ್ತೆ ಸವರಿದೆ. ಎಲ್ಲೂ ಒಡೆದಿರಲಿಲ್ಲ.

"ಅದು ಒಳಗಿಂದ ಒತ್ತಿತು," ಎಂದೆ. "ನಾನೂ ಒತ್ತಿದೆ. ಯಾಕೆ ಒತ್ತಿತೋ ನನಗೆ ಗೊತ್ತಿಲ್ಲ. ತಾನಾಗೇ ಅಂತ ಹೇಳಲ್ಲ, ಮುನೇಶ್ವರ ಅಂತ ಹೇಳಲ್ಲ, ನಾನು ಮಾಡ್ದೆ ಅಂತಾನೂ ಹೇಳಲ್ಲ. ಲೈಸೆನ್ಸ್ ಬೇಕಾದ್ರೆ ತಗೋ."

ಶರ್ಟಿನ ಜೇಬಿನಿಂದ ತೆಗೆದು ಅವಳ ಮುಂದೆ ಹಿಡಿದೆ. ಅವಳು ಅದನ್ನು ನೋಡಲಿಲ್ಲ. ನನ್ನ ಅಂಗೈ ಹಿಡಿದು ತಿರುಗಿಸಿ ಆ ಗೆರೆಯನ್ನು ನೋಡಿದಳು.

"ಯಾರು ಗೆದ್ರು?"

"ನಾನು."

"ನಲವತ್ತು ವರ್ಸದಾಗೆ ಗೊತ್ತಿಲ್ಲ ಅಂತ ನಿಮ್ಮ ಬಾಯಾಗೆ ಕೇಳಿದ್ದು ಇವತ್ತೇ," ಎಂದಳು. "ಒಳಗಿಟ್ಕಳಿ ಅದ್ನ. ಇನ್ಮೇಲೆ ಎರಡೂ ಕೈಯಾಗೆ ಓಡ್ಸಿ."

ಗೋಪಾಲಪ್ಪ ಮರುವಾರವೇ ಮೋರಿಸ್‌ಗೆ ಪೂಜೆ ಮಾಡಿಸಿದ. ಅದಾದ ಮೇಲೆ ಕೈ ಏಳಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ಪೂಜೆಗೆ ಮುಂಚೆಯೇ ನನ್ನ ಅಳತೆಯ ಮೊದಲೆರಡು ಸಲವೂ ಏಳಲಿಲ್ಲವಲ್ಲ ಎಂದರೆ ಮಾತು ಬದಲಿಸುತ್ತಾನೆ. ಬಿಸಿಲಿಗೆ ತಗಡು ಉಬ್ಬಿತು ಎಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರ ವಾದ. ತಗಡು ಉಬ್ಬಿ, ಮರ ದಾಟಿದ ಕೂಡಲೇ ಇಳಿಯುವುದಿಲ್ಲ. ಅಂಗೈಯ ನಾಡಿ ಎಂದರು ನಮ್ಮ ಡಾಕ್ಟರು. ನಾಡಿ ಬಡಿಯುತ್ತದೆ, ಒತ್ತುವುದಿಲ್ಲ. ಅಲ್ಲದೆ ಮೊದಲು ಕೈ ಎದ್ದಾಗ ನನ್ನ ಅಂಗೈ ಅಲ್ಲಿ ಇರಲೇ ಇಲ್ಲ. ಎಲ್ಲರ ವಿವರಣೆಗೂ ಕೆಂಪು ಚೀಟಿ ಕಟ್ಟಿ ವಾಪಸ್ ಕಳಿಸಿದ್ದೇನೆ. ನನ್ನದೇ ಒಂದು ವಿವರಣೆ ಇನ್ನೂ ತಯಾರಾಗಿಲ್ಲ.

ಮಾತಿನಂತೆ ಜಯಮ್ಮ ಆರ್‌ಟಿಓ ಕಚೇರಿಗೆ ಬಂದು ಸಾಲಿನಲ್ಲಿ ನನ್ನ ಪಕ್ಕ ನಿಂತಳು. ಅರ್ಜಿಯ ಜೊತೆ ನಮ್ಮ ಮೈಯ ಬಗ್ಗೆ ನಾವೇ ತುಂಬಿ ಸಹಿ ಹಾಕಬೇಕಾದ ಒಂದು ಹಾಳೆ ಇರುತ್ತದೆ. ಒಳ್ಳೆಯ ಹಗಲು ಬೆಳಕಿನಲ್ಲಿ ಇಪ್ಪತ್ತೈದು ಮೀಟರ್ ದೂರದ ಕಾರಿನ ನಂಬರ್ ನಿಮಗೆ ಕಾಣುತ್ತದೆಯೇ ಎಂದು ಕೇಳಿತ್ತು. ಹೌದು ಎಂದು ಬರೆದೆ. ಒಳ್ಳೆಯ ಹಗಲು ಬೆಳಕಿನಲ್ಲಿ, ಭುಜದಿಂದ ಒಂದು ಗೇಣು ದೂರದಲ್ಲಿ ಏನು ಕಂಡಿರಿ ಎಂದು ಕೇಳಿರಲಿಲ್ಲ. ಕೇಳಿದ್ದರೆ ಅದನ್ನೂ ಬರೆದು, ಅದರ ಕೆಳಗೂ ಸಹಿ ಹಾಕುತ್ತಿದ್ದೆ.