ಹದಿನಾಲ್ಕು ರಟ್ಟಿನ ಮಗ್ಗಗಳು

ಶುಕ್ರವಾರ ಸಂಜೆ ನಾಲ್ಕೂವರೆಗೆ ಮಗ್ಗದಜ್ಜಿ ಊಟದ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದು ಒಣಗುವವರೆಗೆ ಕಾದು, ಚೀಲದಿಂದ ಹದಿನಾಲ್ಕು ರಟ್ಟುಗಳನ್ನು ಹೊರತೆಗೆದರು. ಒಂದೊಂದೂ ಅಂಗೈಯಷ್ಟಗಲದ ಮಗ್ಗ: ಮೇಲೆ ಕೆಳಗೆ ಕತ್ತರಿಯಿಂದ ಕಚ್ಚು ಮಾಡಿ, ದಾರ ಬಿಗಿದು, ಅದರ ನಡುವೆ ಬಣ್ಣದ ಉಣ್ಣೆ ಹಾಯಿಸಿದ್ದು. ನೇಯ್ದವರಿಗೆಲ್ಲ ಐದು ವರ್ಷ. ಒಂದು ಎಳೆಯ ಮೇಲೆ, ಒಂದರ ಕೆಳಗೆ ಎಂಬುದು ಅವರಿಗೆ ಮೂರು ಸಾಲಿನವರೆಗೆ ನೆನಪಿರುತ್ತದೆ. ಆಮೇಲೆ ಎರಡರ ಮೇಲೆ, ನಾಲ್ಕರ ಕೆಳಗೆ, ಮನಸ್ಸು ಬಂದಲ್ಲಿ. ಕೆಲವರು ನೂಲನ್ನು ಎಷ್ಟು ಜಗ್ಗುತ್ತಾರೆಂದರೆ ಬಟ್ಟೆಗೆ ಸೊಂಟ ಬಂದುಬಿಡುತ್ತದೆ.

ಅಜ್ಜಿ ಕನ್ನಡಕ ಹಾಕಿಕೊಂಡು ಮೊದಲನೆಯದನ್ನು ಬಿಚ್ಚಿ ಮೊದಲಿನಿಂದ ನೇಯತೊಡಗಿದರು.

ಮಗ್ಗದಜ್ಜಿ ಎಂಬ ಹೆಸರು ಶಿಶುವಿಹಾರದ ಮಕ್ಕಳು ಇಟ್ಟದ್ದು. ನಿಜವಾಗಿ ಅವರು ದೊಡ್ಡ ಮಗ್ಗದ ಮುಂದೆ ಕೂತವರೇ ಅಲ್ಲ. ಇಪ್ಪತ್ತಾರು ವರ್ಷ ಬಟ್ಟೆ ಗಿರಣಿಯಲ್ಲಿ ಅವರು ಮಾಡಿದ್ದು ತಪ್ಪು ತಿದ್ದುವ ಕೆಲಸ. ಕೆಳಗೆ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಬಟ್ಟೆ ಸರಿದು ಬರುತ್ತಿತ್ತು. ಎಳೆ ತಪ್ಪಿದಲ್ಲಿ ಬೆಳಕು ಚುಕ್ಕಿಯಾಗಿ ಕಾಣುತ್ತಿತ್ತು. ಸೂಜಿಯಿಂದ ಎಳೆ ತುಂಬಿ ಆ ಚುಕ್ಕಿಯನ್ನು ಮುಚ್ಚಬೇಕು. ಕೈ ಹಾಕಿದ ಗುರುತು ಉಳಿದರೆ ಕೆಲಸ ಕೆಟ್ಟಂತೆ. ಯಂತ್ರಗಳ ಸದ್ದಿನಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಮಾತಾಡದ ಅಭ್ಯಾಸ ಮನೆಗೂ ಬಂತು. ಗಂಡ ತೀರಿಕೊಂಡ ಮೇಲೆ ಅದನ್ನು ಗಮನಿಸಲು ಯಾರೂ ಉಳಿಯಲಿಲ್ಲ.

ಶಿಶುವಿಹಾರದ ಟೀಚರ್ ಅಜ್ಜಿಯ ಮನೆಯಿರುವ ಕಟ್ಟಡದ ಕೆಳಮಹಡಿಯವರು. ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ, ಮಕ್ಕಳಿಗೆ ನೇಯುವುದು ಕಲಿಸುತ್ತೀರಾ ಎಂದು ಕೇಳಿದ್ದರು. ಈಗ ಮಂಗಳವಾರ, ಶುಕ್ರವಾರ ಹತ್ತರಿಂದ ಹನ್ನೊಂದರವರೆಗೆ ತರಗತಿ. ವಾರದಲ್ಲಿ ಅಜ್ಜಿಗಾಗಿ ಯಾರಾದರೂ ಕಾಯುವ ಹೊತ್ತು ಅವೆರಡೇ. ಅವು ಕೈತಪ್ಪಬಾರದೆಂದೇ ಈ ತಿದ್ದುಪಡಿ. ರಜೆಗೆ ಮುಂಚೆ ಹೆತ್ತವರು ನೋಡಲು ಬರುತ್ತಾರೆ. ನೇಯ್ಗೆ ಅಂಕುಡೊಂಕಾಗಿದ್ದರೆ ಕಲಿಸಿದವರನ್ನು ಮತ್ತೆ ಯಾರು ಕರೆಯುತ್ತಾರೆ?

ಮಂಗಳವಾರ ಅಜ್ಜಿ ರಟ್ಟುಗಳನ್ನು ಹಂಚಿದರು. ಮೊದಲು ಬಾಯಿ ತೆರೆದವಳು, ಎಲ್ಲದಕ್ಕೂ ವಾದ ಹೂಡುವುದರಿಂದ ಟೀಚರ್ ವಕೀಲಮ್ಮ ಎಂದು ಕರೆಯುವ ಹುಡುಗಿ.

"ಅಜ್ಜಿ, ನನ್ನ ಕಿಟಕಿ ಎಲ್ಲಿ?"

"ಯಾವ ಕಿಟಕಿ, ಕಂದ?"

"ಇಲ್ಲೇ ಇತ್ತು. ದೊಡ್ಡದು."

"ಅದು ತೂತು ಕಣೇ. ಮುಚ್ಚಿ ಕೊಟ್ಟಿದೀನಿ, ನೋಡು ಎಷ್ಟು ಚೆನ್ನಾಗಿದೆ."

"ಹಾಗಾದ್ರೆ ಬೆಕ್ಕು ಎಲ್ಲಿಂದ ಬರ್ಬೇಕು?"

ಹುಡುಗಿ ರಟ್ಟನ್ನು ಮಗುಚಿ ಹಿಂದೆ ಬರೆದ ಹೆಸರು ನೋಡಿದಳು.

"ಹೆಸರು ನಂದು. ಇದು ನಂದಲ್ಲ."

ಪಕ್ಕದವನು ತನ್ನದನ್ನು ಎತ್ತಿ ಹಿಡಿದ. "ನಂದೂ ಅಲ್ಲ! ನಂದು ಡುಮ್ಮ ಇತ್ತು!" ಅವನ ಆಚೆ ಕೂತಿದ್ದ ಮಗು ಅಳತೊಡಗಿತು.

"ಬಾ ಕಂದ, ನಿನ್ನ ಕಿಟಕಿ ಬಿಚ್ಚಿ ಕೊಡ್ತೀನಿ," ಅಜ್ಜಿ ಕೈ ಚಾಚಿದರು.

"ಮುಟ್ಬೇಡ. ನಾನೇ ಬಿಚ್ತೀನಿ."

ವಕೀಲಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು. ಅರ್ಧ ಗಂಟೆ ಬಿಚ್ಚಿದಳು. ಒಂದು ಸಾಲೂ ನೇಯಲಿಲ್ಲ.

ತರಗತಿ ಮುಗಿದ ಮೇಲೆ ಟೀಚರ್ ಅಜ್ಜಿಯನ್ನು ಬಾಗಿಲ ಬಳಿ ನಿಲ್ಲಿಸಿದರು.

"ಅಮ್ಮ, ಹದಿನಾಲ್ಕನ್ನೂ ಬಿಚ್ಚಿ ನೇಯ್ದ್ರಾ?"

"ತಪ್ಪಿತ್ತಲ್ಲ ಟೀಚರ್. ಹಾಗೇ ಬಿಟ್ರೆ ನೋಡಿದವರು ಏನಂತಾರೆ?"

"ಐದು ವರ್ಷದ ಮಕ್ಕಳು ಮಾಡಿದ್ದು ಅಂತಾರೆ. ಇನ್ನೇನಂತಾರೆ?" ಟೀಚರ್ ನಕ್ಕರು. ಅಜ್ಜಿ ನಗಲಿಲ್ಲ.

"ಇನ್ಮೇಲೆ ಬರೋದು ಬೇಡ್ವಾ?"

"ಅಯ್ಯೋ, ಹಾಗೆಲ್ಲಿ ಅಂದೆ? ಬನ್ನಿ. ರಟ್ಟು ಮಾತ್ರ ಇಲ್ಲೇ ಇರ್ಲಿ. ತಪ್ಪು ಕಂಡ್ರೆ, ಕಂಡೇ ಇಲ್ಲ ಅಂತ ಸುಮ್ನಿದ್ದುಬಿಡಿ."

"ಅದು ನಂಗೆ ಬರಲ್ಲ," ಎಂದರು ಅಜ್ಜಿ. ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, "ನೋಡ್ತೀನಿ. ಶುಕ್ರವಾರ ಬರ್ತೀನಿ," ಎಂದರು.

ಮಧ್ಯಾಹ್ನ ಅವರು ಒಬ್ಬರೇ ಉಂಡು, ತಟ್ಟೆ ತೊಳೆದಿಟ್ಟು, ಊಟದ ಮೇಜಿನ ಮುಂದೆ ಕೂತರು. ಮೇಜಿನ ಮೇಲೆ ಏನೂ ಇರಲಿಲ್ಲ.

ರಟ್ಟುಗಳು ಈಗ ತರಗತಿಯ ಕಪಾಟಿನಲ್ಲಿವೆ. ಬೀಗದ ಕೈ ಟೀಚರ್ ಹತ್ತಿರವಿದೆ. ಮುಂದಿನ ತರಗತಿ ಶುಕ್ರವಾರ ಹತ್ತಕ್ಕೆ. ಅಜ್ಜಿ ಬರುತ್ತೇನೆಂದು ಹೇಳಿದ್ದಾರೆ.